ಗೋಣಿಕೊಪ್ಪದಲ್ಲಿ ಹೊಲಿಸಿದ ಬೀನ್ ಬ್ಯಾಗು: ಒಮಾನಲ್ಲಿ ಗೆದ್ದು ಬಂತು, ಜಿಪ್ ಮಾತ್ರ ಕೈ ಕೊಡ್ತು

ಕ್ಯಾಮೆರಾಕ್ಕೆ ಬೀನ್ ಬ್ಯಾಗ್ (ಲೆನ್ಸ್ ಅಲುಗಾಡದಂಗೆ ಅದರಡಿ ಇಡೋ, ಕಾಳು ತುಂಬಿದ ಚೀಲ) ಬೇಕಾ ಬೇಡ್ವಾ ಅಂತ ಯೋಚಿಸ್ತಿರೋರಿಗೆ ಇದು. ಆನ್‌ಲೈನಲ್ಲಿ ಹೇಳೋ ರೇಟು ನೋಡಿ ತಲೆಕೆಟ್ಟು ಗೋಣಿಕೊಪ್ಪದ ಒಂದು ಬ್ಯಾಗ್ ಅಂಗಡೀಲಿ 450 ರೂಪಾಯಿಗೆ ಕ್ಯಾನ್ವಾಸಲ್ಲಿ ಹೊಲಿಸ್ಕೊಂಡೆ, ಕಾರಿನ ಡೋರ್ ಮೇಲೆ ಕುದುರೆ ಜೀನಿನ ತರ ಎರಡು ಕಡೆ ಇಳಿಬಿದ್ದು ಕೂರುತ್ತೆ. ಮೊದ್ಲು ಮನೇಲಿದ್ದ ಒಣ ರೋಬಸ್ಟಾ ಕಾಫಿ ಚೆರ್ರಿ ತುಂಬಿಸಿ ನಾಗರಹೊಳೆಯ ನಾಣಚ್ಚಿ ಸಫಾರಿಗೆ ಹೋದೆ ಮಾರಾಯ್ರೆ, ಲೆನ್ಸ್ ಆಚೀಚೆ ಮಾಡಿದಾಗೆಲ್ಲ ಗರಗರ ಸದ್ದು, ಬಸ್ಸಲ್ಲಿದ್ದೋರೆಲ್ಲ ನನ್ನನ್ನೇ ಗುರಾಯಿಸಿದ್ರು. ಆಮೇಲೆ ಭತ್ತ ತುಂಬಿಸ್ದೆ, ಸರಿಯಾಯ್ತು.

ಅಸಲಿ ಪರೀಕ್ಷೆ ಆಗಿದ್ದು ಒಮಾನಲ್ಲಿ. ಭಾವ ಮಸ್ಕತ್ತಲ್ಲಿರೋದು, ಪರ್ಮಿಷನ್ ಎಲ್ಲ ಮಾಡಿಸಿ ಅಲ್ ವುಸ್ತಾ ಅಭಯಾರಣ್ಯಕ್ಕೆ ಕರ್ಕೊಂಡು ಹೋದ್ರು, ಅರೇಬಿಯನ್ ಓರಿಕ್ಸ್ ಅನ್ನೋ ಉದ್ದ ಕೊಂಬಿನ ಮರುಭೂಮಿ ಹುಲ್ಲೆ ನೋಡೋಕೆ. ಈ ಪ್ರಾಣಿ 1972ರಲ್ಲಿ ಬೇಟೆಗೆ ಸಿಕ್ಕಿ ಹೊರಗಡೆ ಒಂದೂ ಇಲ್ದಂಗೆ ಆಗಿತ್ತು, ಝೂಗಳಲ್ಲಿ ಉಳ್ಕೊಂಡಿದ್ದವುಗಳ ಸಂತಾನನ 1982ರಲ್ಲಿ ಇದೇ ಜಿದ್ದತ್ ಅಲ್ ಹರಾಸಿಸ್ ಬಯಲಿಗೆ ವಾಪಸ್ ಬಿಟ್ರು. ಆಮೇಲೂ ಕಳ್ಳಬೇಟೆ ನಿಲ್ಲಲಿಲ್ಲ, ಸರ್ಕಾರನೂ ಅಭಯಾರಣ್ಯದ 90% ಜಾಗ ಕಡಿತ ಮಾಡ್ತು, 2007ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿಯಿಂದಲೇ ತೆಗೆದು ಹಾಕಿದ್ರು. ಆ ಪಟ್ಟಿಯಿಂದ ಹೊರಬಿದ್ದ ಮೊದಲ ಜಾಗ ಅದು.

ಬೆಳಿಗ್ಗೆ ಹೋದ್ರೆ ಮರುಭೂಮೀಲಿ ಮಂಜು! ರಾಜಾಸೀಟಲ್ಲಿ ನಿಂತಂಗೆ. ಸಮುದ್ರದ ಕಡೆಯಿಂದ ಬರೋ ಈ ಮಂಜಿನ ಹನಿಯಿಂದಲೇ ಅಲ್ಲಿ ಗಿಡಗಂಟಿ ಬದುಕೋದು, ಓರಿಕ್ಸೂ ಎಲೆ ಮೇಲಿನ ಇಬ್ಬನಿ ನೆಕ್ಕುತ್ತೆ. ಒಂದು ಕುರುಚಲು ಮರದ ಪಕ್ಕ ನಿಂತಿತ್ತು, ಮೈಯೆಲ್ಲ ಬಿಳಿ, ಕಾಲು ಮಾತ್ರ ಈಗಷ್ಟೇ ನಾಟಿ ಗದ್ದೆಯಿಂದ ಎದ್ದು ಬಂದ ಹಾಗೆ ಕಪ್ಪುಕಂದು. ಪೂರ್ತಿ ಪಕ್ಕಕ್ಕೆ ತಿರುಗಿದಾಗ ಎರಡು ಕೊಂಬೂ ಸೇರಿ ಒಂದೇ ಕೊಂಬಾಗಿಬಿಡ್ತು, ನಾನು ಕ್ಲಿಕ್ ಮಾಡೋದೇ ಮರೆತೆ. ಭಾವ ಇಂಜಿನ್ ಆಫ್ ಮಾಡಿದ್ರು (ಇಂಜಿನ್ ಓಡ್ತಿದ್ರೆ ಯಾವ ಬ್ಯಾಗೂ ಲೆಕ್ಕಕ್ಕಿಲ್ಲ, ಎಲ್ಲ ನಡುಗುತ್ತೆ), 600 ಎಂಎಂ ಲೆನ್ಸ್ ಅಲುಗಾಡದೆ ಕೂತಿತ್ತು, ಕಣ್ಣಿನ ರೆಪ್ಪೆವರೆಗೂ ಶಾರ್ಪು. ಬಿಸಿಲು ಏರಿದ ಮೇಲೆ ಬಿಸಿಗಾಳಿ ಕುದ್ದಂಗೆ ಆಡಿ ಫೋಟೋ ಎಲ್ಲ ಮಸುಕು, ಅದಕ್ಕೆ ಬ್ಯಾಗ್ ಏನ್ ಮಾಡುತ್ತೆ.

ಇನ್ನು ದೂರು. ಬ್ಯಾಗ್ ಖಾಲಿ ತಗೊಂಡು ಹೋಗಿ ಅಲ್ಲೇ ಮೂರು ಕೆಜಿ ಅಕ್ಕಿ ತುಂಬಿಸಿದ್ದೆ, ಎರಡನೇ ದಿನ ಜಿಪ್ ಬಾಯಿ ಬಿಟ್ಟು ಭಾವನ ಗಾಡಿ ತುಂಬ ಅಕ್ಕಿ. ಅವರು ಪಾಪ ಏನೂ ಅನ್ನಲಿಲ್ಲ, ಅಕ್ಕ ಮಾತ್ರ ಫೋನಲ್ಲಿ ಬಿಡಲಿಲ್ಲ. ವಾಪಸ್ ಬಂದು ಅಂಗಡಿಗೆ ಹೋದ್ರೆ "ಅಕ್ಕಿ ತುಂಬ್ತೀರ ಅಂತ ಮೊದ್ಲೇ ಹೇಳ್ಬಾರ್ದಾ ಅಣ್ಣ" ಅಂತ ನಂಗೇ ಜೋರು, ಹೊಸ ಜಿಪ್ಪಿಗೆ 60 ರೂಪಾಯಿ ಬೇರೆ. ಐದಕ್ಕೆ ನಾಲ್ಕು ಕೊಡ್ತೀನಿ. ಹೊಲಿಸೋದಾದ್ರೆ ಒಳಗೊಂದು ಬೇರೆ ಚೀಲ ಹಾಕಿಸಿ, ಜಿಪ್ ಮೇಲೆ ವೆಲ್ಕ್ರೋ ಪಟ್ಟಿ ಕೇಳಿ.