ಪಿಜಿಬೌನ್ಸರ್: ಬಹುಕಾಲ ಬಳಸಿದವನ ಅನುಭವ

ಶಿರಸಿಯ ಅಡಿಕೆ ವ್ಯಾಪಾರಿಗಳಿಗಾಗಿ ದರ ಮತ್ತು ಖಾತೆ ತೋರಿಸುವ ವೆಬ್ ಅಪ್ಲಿಕೇಶನ್ ನೋಡಿಕೊಳ್ಳುತ್ತೇನೆ. ಬೆಳಿಗ್ಗೆಯೆಲ್ಲ ಸರ್ವರ್ ತಣ್ಣಗಿರುತ್ತದೆ. ಟೆಂಡರ್ ದರ ಬಂತು ಅಂದರೆ ಸಾಕು, ರಾಶಿ ಎಷ್ಟು, ಚಾಲಿ ಎಷ್ಟು ಅಂತ ಸಿದ್ದಾಪುರ, ಯಲ್ಲಾಪುರದವರೂ ಒಮ್ಮೆಲೇ ಮೊಬೈಲ್ ತೆಗೆಯುತ್ತಾರೆ. ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಬೇರೆಯೇ ಪ್ರೊಸೆಸ್ ಹುಟ್ಟಿಸುತ್ತದೆ, ಡೀಫಾಲ್ಟ್ ಮಿತಿ 100. ಮಿತಿ ಏರಿಸುತ್ತ ಹೋದರೆ ಸಣ್ಣ ಸರ್ವರ್‌ನ ಮೆಮೊರಿ ಸಾಲುವುದಿಲ್ಲ. ಹಾಗಾಗಿ ಅಪ್ಲಿಕೇಶನ್‌ಗೂ ಪೋಸ್ಟ್‌ಗ್ರೆಸ್‌ಗೂ ನಡುವೆ ಪಿಜಿಬೌನ್ಸರ್ ಕೂರಿಸಿದೆ; ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚಿಕೊಡುವುದು ಇದರ ಕೆಲಸ.

ಕೂರಿಸುವುದು ಸುಲಭ. ಅಪ್ಲಿಕೇಶನ್‌ನಲ್ಲಿ ಪೋರ್ಟ್ 5432 ಇದ್ದದ್ದು 6432 ಆಯಿತು, ಅಷ್ಟೇ. ಆದರೆ ಡೀಫಾಲ್ಟ್ ಆದ ಸೆಷನ್ ಮೋಡ್‌ನಲ್ಲೇ (ಅಪ್ಲಿಕೇಶನ್ ತಾನಾಗಿ ಬಿಡುವವರೆಗೂ ಕನೆಕ್ಷನ್ ಅದರ ಕೈಯಲ್ಲೇ) ಬಿಟ್ಟವರು ‘ಏನೂ ಉಪಯೋಗವಿಲ್ಲ’ ಎನ್ನುತ್ತಾರೆ. ಟ್ರಾನ್ಸಾಕ್ಷನ್ ಮೋಡ್‌ಗೆ ಹಾಕಿ ನೋಡಿ: ಕಮಿಟ್ ಆದ ತಕ್ಷಣ ಕನೆಕ್ಷನ್ ಇನ್ನೊಬ್ಬರಿಗೆ ಸಿಗುತ್ತದೆ. ನಮ್ಮ ಟೆಂಡರ್ ಹೊತ್ತಿನ ನೂಕುನುಗ್ಗಲು ಅಲ್ಲಿಗೆ ತೀರಿತು.

ಒಂದಕ್ಕಿಂತ ಹೆಚ್ಚು ಡೇಟಾಬೇಸ್ ಇದ್ದರೆ ಲೆಕ್ಕ ಹಾಕಿ ಇಡಿ. ಪೂಲ್, ಅಂದರೆ ಹಂಚಲು ಇಟ್ಟ ಕನೆಕ್ಷನ್‌ಗಳ ಗುಂಪು, ಇರುವುದು ಯೂಸರ್ ಮತ್ತು ಡೇಟಾಬೇಸ್‌ನ ಪ್ರತಿ ಜೋಡಿಗೆ. ಅದರ ಡೀಫಾಲ್ಟ್ ಗಾತ್ರ 20. ದರದ್ದೊಂದು, ಖಾತೆಯದೊಂದು ಡೇಟಾಬೇಸ್, ಎರಡಕ್ಕೂ ಹೋಗುವ ಇಬ್ಬರು ಯೂಸರ್ ಅಂದರೆ 80ರವರೆಗೆ ಏರಬಹುದು.

ಇನ್ನು, ನಾವು ಮುಚ್ಚದೆ ಬಿಟ್ಟದ್ದನ್ನು ಇದು ತಾನಾಗಿ ಸರಿಮಾಡುತ್ತದೆ ಅಂತ ನಂಬಬೇಡಿ. ಹೊರಗಿನವರು ಬರೆದುಕೊಟ್ಟ ವರದಿಯ ಮಾಡ್ಯೂಲೊಂದು ದರದ ಡೇಟಾಬೇಸ್‌ನಲ್ಲಿ ಟ್ರಾನ್ಸಾಕ್ಷನ್ ಶುರುಮಾಡಿ, ಆಮೇಲೆ ಖಾತೆಯದನ್ನು ತೆರೆಯುತ್ತಿತ್ತು. ಎರಡನೆಯದು ಕೈಕೊಟ್ಟರೆ ಮೊದಲನೆಯದನ್ನು ರೋಲ್‌ಬ್ಯಾಕ್ ಮಾಡದೆ ಹೊರಬೀಳುತ್ತಿತ್ತು. ಪಿಜಿಬೌನ್ಸರ್‌ಗೆ ‘ಶೋ ಪೂಲ್ಸ್’ ಕಮಾಂಡ್ ಕೊಟ್ಟರೆ ಕಾಯುವವರ ಸಂಖ್ಯೆ ಏರುತ್ತಲೇ ಇತ್ತು. ಪೋಸ್ಟ್‌ಗ್ರೆಸ್ ಕಡೆ ನೋಡಿದರೆ ಸಾಲಾಗಿ ‘ಐಡಲ್ ಇನ್ ಟ್ರಾನ್ಸಾಕ್ಷನ್’, ಅಂದರೆ ಟ್ರಾನ್ಸಾಕ್ಷನ್ ಮುಗಿಸದೆ ಸುಮ್ಮನೆ ಕೂತ ಕನೆಕ್ಷನ್‌ಗಳು. ಎರಡನೆಯದನ್ನು ತೆರೆಯುವ ಸಾಲು ಮೊದಲನೆಯದರ ಟ್ರೈ ಒಳಗೇ ಬರಬೇಕು, ಪ್ರತಿಯೊಂದಕ್ಕೂ ಎರರ್ ಬಂದರೂ ತಪ್ಪದೆ ಓಡುವ ತನ್ನದೇ ಫೈನಲಿ ಇರಬೇಕು. ಪೈಥಾನ್‌ನವರು ಇನ್ನೊಂದು ಗಮನಿಸಿ: ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಲೈಬ್ರರಿ ಸೈಕೋಪಿಜಿ 2ರಲ್ಲಿ ಕನೆಕ್ಷನ್ ಮೇಲಿನ ‘ವಿತ್’ ಮುಗಿಸುವುದು ಟ್ರಾನ್ಸಾಕ್ಷನ್ ಮಾತ್ರ. ಕನೆಕ್ಷನ್ ತೆರೆದೇ ಇರುತ್ತದೆ, ಕ್ಲೋಸ್ ಬೇರೆ ಕೊಡಬೇಕು. ಸೈಕೋಪಿಜಿ 3 ಅದನ್ನೂ ಮುಚ್ಚುತ್ತದೆ. ಇಷ್ಟರ ಮೇಲೂ ಜಾರಿದ್ದಕ್ಕೆ ಅಂತ ಪೋಸ್ಟ್‌ಗ್ರೆಸ್‌ನಲ್ಲಿ ಐಡಲ್ ಟ್ರಾನ್ಸಾಕ್ಷನ್ ಟೈಮ್‌ಔಟ್ 30 ಸೆಕೆಂಡಿಗೆ ಇಟ್ಟಿದ್ದೇನೆ.

ಕೊರತೆ ಇಲ್ಲವೆಂದಲ್ಲ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಡೇಟಾಬೇಸ್‌ನ ಸೂಚನೆಗಳಿಗೆ ಕಾಯುವ ‘ಲಿಸನ್’ ನಡೆಯುವುದಿಲ್ಲ, ಸೆಷನ್ ಮಟ್ಟದ ಲಾಕ್ ನೆಚ್ಚಿಕೊಳ್ಳುವಂತಿಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನ (ಮೊದಲೇ ಸಿದ್ಧಮಾಡಿಟ್ಟು ಮತ್ತೆ ಮತ್ತೆ ಬಳಸುವ ಕ್ವೆರಿ) ತಲೆನೋವು ಮಾತ್ರ 2023ರ 1.21 ಆವೃತ್ತಿಯಿಂದ ತಗ್ಗಿದೆ. ಹಳೆಯದರಲ್ಲಿ ಇರುವವರು ಅದಕ್ಕಾದರೂ ಅಪ್‌ಗ್ರೇಡ್ ಮಾಡಿ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ‘ಪಾಜ್’ (ತಡೆದು ನಿಲ್ಲಿಸುವುದು) ಮತ್ತು ‘ರೆಸ್ಯೂಮ್’ (ಮತ್ತೆ ಬಿಡುವುದು) ಕಮಾಂಡ್‌ಗಳು. ಪಾಜ್ ಕೊಟ್ಟು ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಮಾಡಿ, ಮತ್ತೆ ರೆಸ್ಯೂಮ್ ಕೊಟ್ಟರೆ ಆ ಹೊತ್ತಿಗೆ ದರ ನೋಡುತ್ತಿದ್ದವರಿಗೆ ಪುಟ ಸ್ವಲ್ಪ ತಡವಾಗಿ ಬರುತ್ತದೆ, ಎರರ್ ಕಾಣುವುದಿಲ್ಲ.