ಸಿಎಸ್‌ವಿಯಿಂದ ಜೇಸನ್‌ಗೆ: ಎಸ್‌ಟಿಡಿ ಕೋಡಿನ ಸೊನ್ನೆ ಉಳಿದದ್ದು ಯಾವ ದಾರಿಯಲ್ಲಿ?

ಪುಣೆಯ ನಮ್ಮ ಕನ್ನಡ ಬಳಗದ ಸದಸ್ಯರ ಪಟ್ಟಿಯನ್ನು ಸಿಎಸ್‌ವಿಯಿಂದ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಕಡತ) ಜೇಸನ್‌ಗೆ (ತಂತ್ರಾಂಶಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಪಠ್ಯರೂಪ) ಬದಲಿಸಿಕೊಡುವ ಹೊಣೆ ನನ್ನ ಪಾಲಿಗೆ ಬಂದಾಗ ಅದು ಅರ್ಧ ಗಂಟೆಯ ಕೆಲಸವೆಂದೇ ಎಣಿಸಿದ್ದೆ. ಸದಸ್ಯರು ಪುಣೆ, ಮುಂಬೈ, ಗೋವಾಗಳಲ್ಲಿ ಚದುರಿದ್ದಾರೆ. ಹಿರಿಯರಲ್ಲಿ ಹಲವರು ಈಗಲೂ ಮನೆಯ ಲ್ಯಾಂಡ್‌ಲೈನ್ ಸಂಖ್ಯೆಯನ್ನೇ ಬರೆಸುವುದರಿಂದ ಎಸ್‌ಟಿಡಿ ಕೋಡಿಗೆಂದು ಪ್ರತ್ಯೇಕ ಕಾಲಂ ಇದೆ. ಪುಣೆಗೆ 020, ಮುಂಬೈಗೆ 022, ಪಣಜಿಗೆ 0832. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಹಿಡಿದ ಮೂರು ದಾರಿಗಳನ್ನೂ ಒರೆಗೆ ಹಚ್ಚಿದ್ದು ಈ ಕಾಲಮ್ಮೇ.

ಮೊದಲನೆಯದು ಪಾಂಡಾಸ್, ಕೋಷ್ಟಕಗಳನ್ನು ನಿಭಾಯಿಸುವ ಪೈಥಾನ್ ಲೈಬ್ರರಿ. ಅದರಲ್ಲಿ ಓದಲು ಒಂದು ಸಾಲು, ಬರೆಯಲು ಒಂದು ಸಾಲು ಸಾಕು. ಆದರೆ ಅದು ಕೋಡನ್ನು ಸಂಖ್ಯೆಯೆಂದು ಊಹಿಸಿ ಮುಂದಿನ ಸೊನ್ನೆಯನ್ನು ತೆಗೆದುಹಾಕಿತು. ಕೆಲವರು ಆ ಜಾಗವನ್ನು ಖಾಲಿ ಬಿಟ್ಟಿದ್ದರಿಂದ ಇಡೀ ಕಾಲಂ ದಶಮಾಂಶಕ್ಕೆ ತಿರುಗಿ, ಮುಂಬೈ 22.0 ಆಯಿತು. ಓದುವಾಗಲೇ ಡಿಟೈಪ್ (ಕಾಲಮ್ಮಿನ ಮೌಲ್ಯಗಳ ಬಗೆ) ಅನ್ನು ಸ್ಟ್ರಿಂಗ್, ಅಂದರೆ ಬರೆದಂತೆಯೇ ಉಳಿಯುವ ಪಠ್ಯ, ಎಂದು ಹೇಳಿದರೆ ಇದು ಸರಿಹೋಗುತ್ತದೆ, ಹೇಳಲು ನೆನಪಿದ್ದರೆ.

ಪಟ್ಟಿಯನ್ನು ಕೈಯಲ್ಲಿ ತಿದ್ದುವುದು ಸುಲಭವಾಗಲೆಂದು ಮೂಲವನ್ನೇ ಮನುಷ್ಯರು ಸುಲಭವಾಗಿ ಓದಿ ಬರೆಯಬಲ್ಲ ಯಾಮಲ್ ಪಠ್ಯರೂಪದಲ್ಲಿ ಬರೆದಿಟ್ಟು, ಅದನ್ನು ಓದುವ ಪೈಥಾನ್ ಲೈಬ್ರರಿಯಾದ ಪೈಯಾಮಲ್ ಮೂಲಕ ಜೇಸನ್‌ ಮಾಡುವುದು ಎರಡನೆಯ ದಾರಿ. ಇಲ್ಲಿ ಸೊನ್ನೆ ಹೋದದ್ದಷ್ಟೇ ಅಲ್ಲ, ಸಂಖ್ಯೆಯೇ ಬದಲಾಯಿತು: ಪುಣೆ 16, ಮುಂಬೈ 18. ಪೈಯಾಮಲ್ ಅನುಸರಿಸುವ ಯಾಮಲ್ 1.1ರಲ್ಲಿ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಅಷ್ಟಮಾನ ಪದ್ಧತಿಯದು, ಅಂದರೆ 0ರಿಂದ 7ರವರೆಗಿನ ಅಂಕಿಗಳಲ್ಲಿ ಎಂಟೆಂಟಾಗಿ ಎಣಿಸುವಂಥದು. ಎರಡು ಎಂಟು ಹದಿನಾರು, ಅದಕ್ಕೆ ಎರಡು ಕೂಡಿಸಿದರೆ ಹದಿನೆಂಟು. ಪಣಜಿಯ 0832ರಲ್ಲಿ 8 ಇದೆ, ಅಷ್ಟಮಾನದಲ್ಲಿ ಆ ಅಂಕಿಯೇ ಇಲ್ಲ; ಆದ್ದರಿಂದ ಅದೊಂದು ಸ್ಟ್ರಿಂಗ್ ಆಗಿ ಸುರಕ್ಷಿತವಾಗಿ ಉಳಿಯಿತು. ಗೋವಾದ ಸದಸ್ಯರನ್ನು ಮಾತ್ರ ಪರೀಕ್ಷಿಸಿದ್ದರೆ ದೋಷ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. 2009ರ ಯಾಮಲ್ 1.2 ಈ ನಿಯಮವನ್ನು ಕೈಬಿಟ್ಟಿದೆ, ಆದರೂ ಉದ್ಧರಣ ಚಿಹ್ನೆ ಹಾಕದಿದ್ದರೆ ಸೊನ್ನೆ ಉಳಿಯುವ ಭರವಸೆಯಿಲ್ಲ.

ನಾನು ಕೊನೆಗೆ ಉಳಿಸಿಕೊಂಡದ್ದು ಪೈಥಾನ್‌ ಜೊತೆಗೇ ಬರುವ ಸಿಎಸ್‌ವಿ ಮತ್ತು ಜೇಸನ್ ಮಾಡ್ಯೂಲುಗಳನ್ನು (ಸಿದ್ಧ ಕೋಡಿನ ಕಟ್ಟುಗಳನ್ನು); ಇದೇ ಮೂರನೆಯ ದಾರಿ. ಬರೆಯಬೇಕಾದದ್ದು ಹತ್ತು ಸಾಲು, ಊಹೆ ಮಾತ್ರ ಇಲ್ಲ. ಪ್ರತಿ ಮೌಲ್ಯವೂ ಸ್ಟ್ರಿಂಗ್. ತೊಡಕು ಬೇರೆ ಕಡೆ ಇತ್ತು: ಎಕ್ಸೆಲ್ ಯುಟಿಎಫ್-8 (ಅಕ್ಷರಗಳನ್ನು ಉಳಿಸುವ ಸಂಕೇತ ವಿಧಾನ) ಕಡತದ ತಲೆಗೆ ಸೇರಿಸಿದ್ದ ಅದೃಶ್ಯ ಗುರುತು ಮೊದಲ ಕಾಲಮ್ಮಿನ ಹೆಸರಿಗೆ ಅಂಟಿಕೊಂಡು, ‘ಹೆಸರು’ ಎಂಬ ಕೀ (ಮೌಲ್ಯವನ್ನು ಹುಡುಕಲು ಬಳಸುವ ಹೆಸರು) ಸಿಗಲೇ ಇಲ್ಲ. ಪಾಂಡಾಸ್ ಅದನ್ನು ತಾನಾಗಿಯೇ ನಿವಾರಿಸಿತ್ತು. ಖಾಲಿ ಬಿಟ್ಟ ಕೋಡುಗಳು ಖಾಲಿ ಸ್ಟ್ರಿಂಗ್‌ಗಳಾಗಿ ಬಂದವು. ಅವನ್ನು ನಲ್ (ಮೌಲ್ಯವಿಲ್ಲ ಎಂಬ ಗುರುತು) ಮಾಡಲು ಹನ್ನೊಂದನೆಯ ಸಾಲೊಂದನ್ನು ಸೇರಿಸಿದೆ.