ಸಿಂಹರಾಜವೋ, ಹಾರ್ಟನ್ ಪ್ಲೇನ್ಸೋ? ಲಂಕೆಯ ಎರಡು ಕಾಡು, ನನ್ನ ನಾಲ್ಕು ಬೆಳಗು

ಶ್ರೀಲಂಕಾಕ್ಕೆ ಹಕ್ಕಿ ನೋಡಲು ಹೊರಟ ಗೆಳೆಯರು ನನ್ನನ್ನು ಕೇಳುವುದು ಒಂದೇ ಮಾತು. ರಜೆ ಕಡಿಮೆ ಇದೆ, ತಗ್ಗಿನ ಮಳೆಕಾಡು ಸಿಂಹರಾಜಕ್ಕೆ ಹೋಗೋಣವೋ, ಬೆಟ್ಟದ ಮೇಲಿನ ಹಾರ್ಟನ್ ಪ್ಲೇನ್ಸ್‌ಗೋ? ಹೋದ ಫೆಬ್ರವರಿಯಲ್ಲಿ ಎರಡೂ ಕಡೆ ಎರಡೆರಡು ಬೆಳಗು ಕಳೆದು ಬಂದೆ. ಲಂಕೆ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿಗಳು ಮೂವತ್ತಕ್ಕೂ ಜಾಸ್ತಿ. ಅವುಗಳಲ್ಲಿ ಹೆಚ್ಚಿನವು ಈ ಎರಡು ಕಡೆ ಹಂಚಿಹೋಗಿವೆ.

ಮಲೆನಾಡಿನವರಿಗೆ ಸಿಂಹರಾಜ ಹೊಸತು ಅನ್ನಿಸುವುದೇ ಇಲ್ಲ. ಅದೇ ಜಿಟಿಜಿಟಿ ಮಳೆ, ಅದೇ ರಕ್ತ ಹೀರುವ ಇಂಬಳ. ಕಾಲುಚೀಲದ ಮೇಲೆ ಇಂಬಳ ತಡೆಯುವ ಚೀಲ ಹಾಕಿದ್ದರೂ ಒಂದು ಕತ್ತಿನವರೆಗೆ ಬಂದಿತ್ತು! ಹಕ್ಕಿಗಳಲ್ಲೂ ನೆಂಟರು ಸಿಗುತ್ತಾರೆ. ಗಣೇಶಗುಡಿಯಲ್ಲಿ ನಾವು ಹುಡುಕುವ ಕಪ್ಪೆಬಾಯಿ ಹಕ್ಕಿ, ಕಾಕರಣೆ ಹಕ್ಕಿ ಇಲ್ಲೂ ಇವೆ.

ಇಲ್ಲಿನ ಮಜಾ ಬೇರೆಯೇ. ಒಂದು ಗಂಟೆ ನಡೆದರೂ ಕಾಡು ಖಾಲಿ. ಒಂದು ಎಲೆಯೂ ಅಲ್ಲಾಡುವುದಿಲ್ಲ. ಆಮೇಲೆ ದೂರದಲ್ಲಿ ಹರಟೆಮಲ್ಲಗಳ ಕಿಚಿಪಿಚಿ. ನಮ್ಮ ಗೈಡ್ ಕೈ ಎತ್ತಿ ನಿಂತ. ಎರಡು ನಿಮಿಷದಲ್ಲಿ ಇಡೀ ಸಂತೆ ನಮ್ಮ ತಲೆ ಮೇಲೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಮುಂದೆ, ಜುಟ್ಟಿನ ಕಾಜಾಣ ಪಕ್ಕದಲ್ಲಿ ಕಾವಲು. ಕಾವಲು ಅಂದರೆ ಪುಕ್ಕಟೆ ಅಲ್ಲ. ಉಳಿದವು ಎಬ್ಬಿಸಿದ ಹುಳುವನ್ನು ಅದು ಗಾಳಿಯಲ್ಲೇ ಹಿಡಿದು ತಿನ್ನುತ್ತದೆ. ಮೇಲೆ ಕೊಂಬೆಯಲ್ಲಿ ಕೆಂಪು ಮುಖದ ಮಲ್ಕೋಹ, ಕೆಳಗೆ ಪೊದೆಯಲ್ಲಿ ಬೂದು ತಲೆಯ ನಗೆಮಲ್ಲ. ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ? ಹತ್ತು ನಿಮಿಷಕ್ಕೆ ಎಲ್ಲ ಮಾಯ. ಬೇರೆ ಬೇರೆ ಜಾತಿಯ ಹಕ್ಕಿಗಳು ಸೇರಿದ ಈ ಕೂಡುಗುಂಪುಗಳನ್ನು ವಿಜ್ಞಾನಿಗಳು 1980ರ ದಶಕದಿಂದ ಲೆಕ್ಕ ಇಡುತ್ತಿದ್ದಾರೆ.

ಸಿಂಹರಾಜದ ಕುಡವ ಗೇಟಿನ ಕಡೆ ನಾವು ನಡೆದ ಅಗಲ ದಾರಿ ಹಕ್ಕಿ ನೋಡುವವರಿಗಾಗಿ ಮಾಡಿದ್ದಲ್ಲ. 1970ರ ದಶಕದಲ್ಲಿ ಪ್ಲೈವುಡ್‌ಗೆ ಮರ ಸಾಗಿಸಲು ಹಾಕಿದ ರಸ್ತೆ ಅದು. ಜನರ ವಿರೋಧ ಜೋರಾಗಿ ಆ ದಶಕದಲ್ಲೇ ಕಡಿತ ನಿಂತಿತು. 1988ರಲ್ಲಿ ಕಾಡು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಈಗ ಕಡಿದ ಜಾಗದಲ್ಲಿ ಕಾಡು ಮತ್ತೆ ಎದ್ದಿದೆ, ಹಕ್ಕಿ ಗುಂಪು ಅಲ್ಲೇ ತಿರುಗುತ್ತದೆ. ಲಂಕೆಯ ಪಕ್ಷಿತಜ್ಞ ದೀಪಲ್ ವರಕಾಗೊಡ 2001ರಲ್ಲಿ ಸೆರೆಂಡಿಬ್ ಗೂಬೆಯನ್ನು ಮೊದಲು ಕಣ್ಣಾರೆ ಕಂಡದ್ದೂ ಸಿಂಹರಾಜದಲ್ಲೇ. ಅದರ ಕೂಗು ಕೇಳಿ ಆಗಲೇ ಐದಾರು ವರ್ಷ ಆಗಿತ್ತು. 2004ರಲ್ಲಿ ಹೊಸ ಪ್ರಭೇದ ಅಂತ ಹೆಸರಿಟ್ಟರು. ನನಗೆ ಸಿಗಲಿಲ್ಲ ಬಿಡಿ.

ಹಾರ್ಟನ್ ಪ್ಲೇನ್ಸ್ ಇದಕ್ಕೆ ಪೂರ್ತಿ ಉಲ್ಟಾ. ಎತ್ತರ 2,100 ಮೀಟರ್‌ಗೂ ಮೇಲೆ. ಚಳಿ, ಹುಲ್ಲುಗಾವಲು, ನಡುನಡುವೆ ಕುಳ್ಳ ಮರಗಳ ಕಾಡು. ನಮ್ಮ ಕುದುರೆಮುಖದ ಶೋಲಾ ನೆನಪಾಗುತ್ತದೆ. ನಾವು ಉಳಿದಿದ್ದ ಬೆಟ್ಟದ ಊರು ನುವರ ಎಲಿಯದಿಂದ ನಾಲ್ಕೂವರೆಗೆ ಬರುತ್ತೇನೆ ಎಂದಿದ್ದ ವ್ಯಾನಿನವನು ಮೊದಲ ದಿನ ಐದೂಮುಕ್ಕಾಲಿಗೆ ಬಂದ. ಅಲ್ಲಿಗೆ ಆ ಬೆಳಗು ಹೋಯಿತು. ಗೇಟಿನಲ್ಲಿ ಬ್ಯಾಗ್ ತೆರೆಸಿ ಪ್ಲಾಸ್ಟಿಕ್ ಕವರ್ ಎಲ್ಲ ತೆಗೆಸುತ್ತಾರೆ. ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ.

ಸುಮಾರು ಒಂಬತ್ತು ಕಿಲೋಮೀಟರ್‌ನ ಸುತ್ತುದಾರಿಯಲ್ಲಿ ಜನ ಜಾತ್ರೆ. ಎಲ್ಲರಿಗೂ ವರ್ಲ್ಡ್ಸ್ ಎಂಡ್ ಪ್ರಪಾತದ ಫೋಟೊ ಬೇಕು. ಹಳದಿ ಕಿವಿಯ ಪಿಕಳಾರ, ಲಂಕೆಯ ಬೆಳ್ಗಣ್ಣ, ಮಂಕು ನೀಲಿ ನೊಣಹಿಡುಕ ಸುಲಭವಾಗಿ ಸಿಕ್ಕವು. ನನ್ನ ಪಟ್ಟಿ ಹೆಚ್ಚುಕಡಿಮೆ ಅಷ್ಟಕ್ಕೇ ನಿಂತಿತು. ಅಲ್ಲಲ್ಲಿ ಒಣಗಿ ನಿಂತ ಮರಗಳನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಬ್ರಿಟಿಷರ ಕಾಲದಲ್ಲಿ ಬಂದ ಮುಳ್ಳಿನ ಗಾರ್ಸ್ ಪೊದೆ ಹುಲ್ಲನ್ನು ತಿನ್ನುತ್ತಿದೆ. ಭೂಮಿ ಬಿಸಿಯೇರಿ ತಗ್ಗಿನ ಹಕ್ಕಿಗೆ ಸೆಖೆಯಾದರೆ ಬೆಟ್ಟ ಹತ್ತಬಹುದು. ಈಗಾಗಲೇ ಬೆಟ್ಟದ ನೆತ್ತಿಯಲ್ಲಿರುವುದು ಎಲ್ಲಿಗೆ ಹತ್ತಬೇಕು?

ಎರಡೇ ಬೆಳಗು ಇದ್ದರೆ ಎರಡನ್ನೂ ಸಿಂಹರಾಜಕ್ಕೆ ಕೊಡಿ. ಇದರಲ್ಲಿ ನನಗೆ ಅನುಮಾನವಿಲ್ಲ. ಖರ್ಚಿಗೂ ಕಷ್ಟಕ್ಕೂ ಅಲ್ಲಿ ಬೆಲೆ ಸಿಗುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಮಾತ್ರ ಬೆಟ್ಟದ ಕಡೆ ಹೋಗಿ. ಹಾರ್ಟನ್‌ವರೆಗೂ ಬೇಡ, ನುವರ ಎಲಿಯದ ವಿಕ್ಟೋರಿಯಾ ಪಾರ್ಕ್ ಸಾಕು. ಗಬ್ಬು ವಾಸನೆಯ ಮೋರಿ ಪಕ್ಕದಲ್ಲಿ ನವರಂಗ, ಚಳಿಗಾಲಕ್ಕೆ ಹಿಮಾಲಯದಿಂದ ಬಂದ ಕಾಶ್ಮೀರಿ ನೊಣಹಿಡುಕ ಆರಾಮಾಗಿ ಓಡಾಡುತ್ತಿರುತ್ತವೆ.

ಆದರೆ ನಾನು ಮತ್ತೆ ಹೋದರೆ ಹಾರ್ಟನ್‌ಗೇ ಹೋಗುತ್ತೇನೆ. ಕಾರಣ ಲಂಕೆಯ ಸಿಳ್ಳಾರ. ರಸ್ತೆ ಪಕ್ಕದ ಒಂದು ಪುಟ್ಟ ಕೊಳಕ್ಕೆ ಅದರ ಹಳೆಯ ಹೆಸರೇ ಇದೆ, ಅರೆಂಗ ಪೂಲ್. ನಮ್ಮ ಸಹ್ಯಾದ್ರಿಯ ಸಿಳ್ಳಾರ ಹಳ್ಳದ ಬಂಡೆ ಮೇಲೆ ಕೂತು ಪುರುಸೊತ್ತಾಗಿ ಹಾಡುತ್ತದೆ, ಅಲ್ವಾ? ಇದು ಹಾಗಲ್ಲ, ಮಹಾ ನಾಚಿಕೆಯದ್ದು. ಎರಡನೇ ದಿನ ವ್ಯಾನ್ ಸರಿಯಾಗಿ ಬಂತು. ಮಬ್ಬು ಬೆಳಕಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಬೆರಳು ಮರಗಟ್ಟಿತ್ತು. ಚೂಪಾದ ಒಂದೇ ಒಂದು ಸಿಳ್ಳೆ. ನೀರಿನಂಚಿನ ಕೊಂಬೆಯಲ್ಲಿ ಕಪ್ಪು ನೆರಳು, ಭುಜದಲ್ಲಿ ನೀಲಿ ಮಿಂಚು. ಹತ್ತು ಸೆಕೆಂಡ್ ಇರಬಹುದು. ಹಿಂದಿನಿಂದ ಜೋರು ಹಾಡು ಹಾಕಿಕೊಂಡು ಒಂದು ಟೂರಿಸ್ಟ್ ಬಸ್ ಬಂತು, ಹಕ್ಕಿ ಹೋಯಿತು.

ಚಾಲಕ ಆಕಳಿಸುತ್ತಾ ಕೇಳಿದ, "ಇಷ್ಟಕ್ಕೇನಾ ಸಾರ್ ಬಂದಿದ್ದು?" ಹೌದು ಅಂದೆ.